ಹಿಡಿಯ ಮೇಲಿನ ಏಳು ಗುರುತು

ನಾನು ಒಂದು ಕಡ್ಡಿ. ಹಾಗೆಂದ ಕೂಡಲೇ ಮೂಗು ಮುರಿಯಬೇಡಿ. ಬೆಂಕಿಕಡ್ಡಿಯಲ್ಲ, ಊದುಬತ್ತಿಯ ಕಡ್ಡಿಯೂ ಅಲ್ಲ. ಒಂದೂವರೆ ಅಡಿ ಉದ್ದದ ಉಕ್ಕಿನ ಮೈ, ಒಂದು ತುದಿಗೆ ಹಲಸಿನ ಮರದ ಹಿಡಿ. ಓಡುತ್ತಿರುವ ಎಂಜಿನ್ನಿಗೆ ನನ್ನ ಮೊನೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಒಳಗೆ ಯಾವ ಭಾಗ ನರಳುತ್ತಿದೆ ಎಂದು ಹೇಳಿಬಿಡುತ್ತೇನೆ. ಡಾಕ್ಟರ ಕೊರಳಲ್ಲಿ ನೇತಾಡುವ ರಬ್ಬರ್ ನಳಿಕೆಗೂ ನನಗೂ ಕೆಲಸ ಒಂದೇ. ಅದಕ್ಕೆ ಸಿಗುವ ಮರ್ಯಾದೆ ನನಗೆ ಸಿಗುವುದಿಲ್ಲ, ಅದು ಬೇರೆ ಮಾತು.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗ್ಯಾರೇಜಿನಲ್ಲಿ. ಮಾಡಿದವರು ಮೊಗಣ್ಣಾಚಾರಿ. ಅಂಗಡಿಯಲ್ಲಿ ಕೊಂಡ ಸ್ಕ್ರೂಡ್ರೈವರನ್ನೇ ಕಿವಿಗಿಟ್ಟುಕೊಳ್ಳುವ ಮೆಕ್ಯಾನಿಕ್‌ಗಳು ಊರ ತುಂಬ ಇದ್ದಾರೆ. ಆಚಾರಿಯವರಿಗೆ ಅದು ಒಗ್ಗಲಿಲ್ಲ. ಗುಜರಿಗೆ ಹೊರಟಿದ್ದ ಲಾರಿ ಎಂಜಿನ್ನಿನ ಒಂದು ಸರಳನ್ನು ಎತ್ತಿಟ್ಟುಕೊಂಡು, ಕಾಯಿಸಿ ಬಡಿದು ಮೊನೆ ಮಾಡಿದರು. ಅವರ ದಾಯಾದಿಯೊಬ್ಬರು ವೀಣೆ ಮಾಡುವವರು. ಅವರಲ್ಲಿ ಮಿಕ್ಕಿದ್ದ ಹಲಸಿನ ತುಂಡಿನಿಂದ ಹಿಡಿ ಬಂತು. ಹೀಗಾಗಿ ನನ್ನ ಸಂಬಂಧಿಕರು ಒಂದು ಕಡೆ ಲಾರಿ, ಇನ್ನೊಂದು ಕಡೆ ವೀಣೆ. ಆಯುಧಪೂಜೆಯ ದಿನ ಸ್ಪ್ಯಾನರುಗಳ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಮಲಗಿದಾಗಲೂ ನಾನು ಈ ಮಾತನ್ನು ಮರೆತದ್ದಿಲ್ಲ.

ನಮ್ಮಿಬ್ಬರ ಹೆಸರು ಬೇಗ ಹಬ್ಬಿತು. ಹಳೆಯ ಕಾರು ಕೊಳ್ಳುವವರು ಮೊದಲು ಆಚಾರಿಯವರನ್ನು ಕರೆದುಕೊಂಡು ಹೋಗುತ್ತಿದ್ದರು. "ಆಚಾರ್ರು ಕೇಳವ್ರಾ?" ಎಂಬುದು ಪೇಟೆಯಲ್ಲಿ ಒಂದು ಮಾತೇ ಆಗಿಹೋಯಿತು. ಅವರು ಕೇಳಿ ತಲೆಯಾಡಿಸಿದರೆ ವ್ಯಾಪಾರ ಮುಗಿಯಿತು. ಇಪ್ಪತ್ತೆಂಟು ವರ್ಷ ಆ ತಲೆಯಾಡಿಸುವಿಕೆ ಒಮ್ಮೆಯೂ ಸುಳ್ಳಾಗಲಿಲ್ಲ. ಅದರಲ್ಲಿ ಅರ್ಧ ಪಾಲು ನನ್ನದು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಅರವತ್ತು ದಾಟಿದ ಮೇಲೆ ಆಚಾರಿಯವರ ಕಿವಿ ಮಂದವಾಗತೊಡಗಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಅವರ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಮಗಳು ಕಮಲಾಕ್ಷಿ ಎರಡು ಸಲ ಕೂಗಿ ಕರೆದರೆ, "ಯಾಕವ್ವ ಕಿರುಚ್ತೀಯ, ನಂಗೇನ್ ಕಿವುಡಾ?" ಎಂದು ರೇಗುತ್ತಿದ್ದರು. ಅವಳಿಗೆ ಎಲ್ಲ ಗೊತ್ತಿತ್ತು. ಅಪ್ಪನ ಮುಖ ನೋಡಿ ಮತ್ತೆ ಕೆಲಸಕ್ಕೆ ತಿರುಗುತ್ತಿದ್ದಳು.

ಹೀಗಿರುವಾಗ ಒಬ್ಬ ಶಾಲಾ ಮೇಷ್ಟ್ರಿಗೆ ಅವರು ಒಂದು ಕಾರನ್ನು ಕೇಳಿ ತಲೆಯಾಡಿಸಿದರು. ಒಂದೇ ವಾರದಲ್ಲಿ ಅದರ ಎಂಜಿನ್ ನಂಜನಗೂಡು ರಸ್ತೆಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಿತು. ಮೇಷ್ಟ್ರು ಬಂದು ಜಗಳ ಮಾಡಲಿಲ್ಲ. "ನಿಮ್ಮನ್ನ ನಂಬಿದ್ದೆ ಆಚಾರ್ರೇ" ಎಂದಷ್ಟೇ ಹೇಳಿ ಹೋದರು. ಆಚಾರಿಯವರು ತುಂಬಾ ಹೊತ್ತು ನನ್ನನ್ನು ನೋಡಿದರು. ಆಮೇಲೆ ಮಗಳಿಗೆ, "ಈ ಕಡ್ಡಿಗೆ ವಯಸ್ಸಾಯ್ತು ಕಣವ್ವ" ಎಂದು ಹೇಳಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

ನನಗೆ ಎಷ್ಟು ಸಿಟ್ಟು ಬಂದಿರಬೇಡ! ಸದ್ದನ್ನು ಹೊತ್ತು ತಂದು ಅವರ ಕಿವಿಯ ಬಾಗಿಲಲ್ಲೇ ಇಟ್ಟಿದ್ದೆ. ಬಾಗಿಲು ತೆರೆಯದಿದ್ದರೆ ತಪ್ಪು ಯಾರದು? ಮೂರು ತಿಂಗಳು ಆ ಮೊಳೆಯ ಮೇಲೆ ತುಕ್ಕಿನ ಹೆದರಿಕೆಯಲ್ಲಿ ಕಳೆದೆ.

ಒಂದು ಮಧ್ಯಾಹ್ನ ಅವರೊಬ್ಬರೇ ಒಂದು ಜೀಪಿನ ಮೇಲೆ ಬಗ್ಗಿದ್ದರು. ಪೈಪಿನ ಕ್ಲಿಪ್ಪು ಮೀಟಲು ಕೈಗೆ ಏನೂ ಸಿಗದೆ ನನ್ನನ್ನು ಎಳೆದುಕೊಂಡರು. ಮೀಟಿದ ಮೇಲೆ ಎರಡೂ ಕೈಗೆ ಕೆಲಸ ಬಿದ್ದದ್ದರಿಂದ ನನ್ನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಎಂಜಿನ್ ಓಡುತ್ತಿತ್ತು. ನನ್ನ ಮೊನೆ ಅಚಾನಕ್ಕಾಗಿ ವಾಟರ್ ಪಂಪಿಗೆ ತಗುಲಿತು. ಆಚಾರಿಯವರು ಕಲ್ಲಿನಂತೆ ನಿಂತರು. ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯ ಮೂಳೆಗೆ ಹತ್ತಿ, ಪಂಪಿನ ಕೊರಗೆಲ್ಲ ಅವರಿಗೆ ಮೊದಲಿನಂತೆಯೇ ಕೇಳಿಸುತ್ತಿತ್ತು. ಅವರ ಕಣ್ಣು ತುಂಬಿ ಬಂತು. ಕೂಡಲೇ ಸುತ್ತ ನೋಡಿದರು. ಅಷ್ಟು ದೊಡ್ಡ ಆಚಾರಿ ನಾಯಿ ಮೂಳೆ ಕಚ್ಚಿದ ಹಾಗೆ ಕಡ್ಡಿ ಕಚ್ಚಿ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು.

ಆ ತಿಂಗಳಲ್ಲೇ ಮಡಿಕೇರಿಯಿಂದ ನಿವೃತ್ತ ಸುಬೇದಾರ್ ಪೂವಯ್ಯನವರು ಬಂದರು. ಹಳೆಯ ಕಾರು ಮಾರುವ ಜಯಸಿಂಹನ ಮನೆಯಂಗಳದಲ್ಲಿ ಮೂವತ್ತು ವರ್ಷದ ಒಂದು ಸ್ಪೋರ್ಟ್ಸ್ ಕಾರಿತ್ತು. ಎರಡೇ ಬಾಗಿಲು, ನೆಲಕ್ಕೆ ಅಂಟಿದಂಥ ಮೈ, ಕುಂಕುಮದ ಬಣ್ಣ. ಪೂವಯ್ಯನವರು ಪಟ್ಟು ಹಿಡಿದು ಅದರ ಮೇಲೆ ಮನಸ್ಸಿಟ್ಟಿದ್ದರು. ಅವರ ಹೆಂಡತಿ ಮುತ್ತಮ್ಮ ಆಗಲೇ ಪಕ್ಕದ ಸೀಟಿನಲ್ಲಿ ಕೂತು ನೋಡಿಯಾಗಿತ್ತು. ಅದೇ ಸಂಜೆ ಅದರಲ್ಲೇ ಮಡಿಕೇರಿಯ ಏರು ಹತ್ತಬೇಕೆಂಬುದು ಗಂಡ ಹೆಂಡಿರ ಆಸೆ.

ಆಚಾರಿಯವರು ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. "ಬೆಳಿಗ್ಗೆ ತೊಳೆಯೋಕೆ ಸ್ವಲ್ಪ ಆಚೆ ತೆಗ್ದಿದ್ದೆ" ಎಂದ ಜಯಸಿಂಹ.

"ತಣ್ಣಗಾಗ್ಲಿ ಬುಡಿ. ಬಿಸೀಲಿ ಎಲ್ಲಾ ಗಾಡೀನೂ ಸಾಧುವೇಯ" ಎಂದು ಆಚಾರಿಯವರು ಕಾಂಪೌಂಡಿನ ಕಟ್ಟೆಯ ಮೇಲೆ ಕೂತರು. ಎರಡು ಗಂಟೆ ಕಾಯಿಸಿದರು. ಅಷ್ಟರಲ್ಲಿ ಕಮಲಾಕ್ಷಿ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಮೇಲೆಲ್ಲ ಆಡಿಸಿದಳು. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲ. ಎಲ್ಲ ಕಡೆ ಅಂಟಿತು. ಕಾರಿನ ಅಡಿಗೆ ತೂರಿ ನೋಡಿದಳು, ಬೆಸುಗೆಯ ಗುರುತಿರಲಿಲ್ಲ. ಆಮೇಲೆ ಆಚಾರಿಯವರು ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಎರಡು ಬೆರಳ ನಡುವೆ ಹಿಡಿದರು. ಅದು ಎಳೆಪಾಕದಂತೆ ಜಗ್ಗಿತು.

"ಇಷ್ಟು ಮಂದ ಯಾಕ್ ಹಾಕಿದ್ರಿ?"

"ಹಳೇ ಗಾಡಿ ಅಲ್ವಾ ಆಚಾರ್ರೇ. ಟ್ಯಾಪೆಟ್ ಸದ್ದು ಚೂರು ಅದೆ, ಅಷ್ಟೆ" ಎಂದ ಜಯಸಿಂಹ ಜೋರಾಗಿ.

ಟ್ಯಾಪೆಟ್ ಸದ್ದು ಎಂಜಿನ್ನಿನ ತಲೆಯಲ್ಲಿ ಹುಟ್ಟುವಂಥದ್ದು, ಮನುಷ್ಯರ ನೆಗಡಿ ಇದ್ದ ಹಾಗೆ. ಅರ್ಧ ದಿನದ ಕೆಲಸ. ಕೆಳಗೆ ಬೇರಿಂಗ್ ಸವೆದಿದ್ದರೂ ಹೆಚ್ಚು ಕಡಿಮೆ ಅದೇ ಸದ್ದು ಬರುತ್ತದೆ, ಆದರೆ ಅಂಥ ಎಂಜಿನ್ ಏರಿನಲ್ಲಿ ಒಡೆದುಹೋಗಬಹುದು, ಒಳಗೆ ಕೂತವರ ಗತಿ ದೇವರೇ ಬಲ್ಲ. ಮಂದ ಆಯಿಲು ಎರಡನ್ನೂ ಮುಚ್ಚಿಡುತ್ತದೆ.

ತಣ್ಣನೆಯ ಎಂಜಿನ್ ಸುಲಭವಾಗಿ ಹತ್ತುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಆ ಮಂದ ಆಯಿಲು ತೆಳುವಾಗಲೆಂದು ಚೆನ್ನಾಗಿ ಕಾಯಿಸಿದರು. ಆಚಾರಿಯವರು ನನ್ನ ಮೊನೆಯನ್ನು ಮೇಲಿಟ್ಟರು, ಕೆಳಗಿಟ್ಟರು, ಹಿಡಿಯನ್ನು ಕಿವಿ ಕೆಂಪಾಗುವಷ್ಟು ಒತ್ತಿದರು. ನಾನು ಕೂಗಿ ಹೇಳುತ್ತಿದ್ದೆ. ಅವರಿಗೆ ಏನೂ ಕೇಳಿಸಲಿಲ್ಲ. ಕಮಲಾಕ್ಷಿ ನನ್ನನ್ನು ಇಸಿದುಕೊಂಡು ಕೇಳಿ, ಅಪ್ಪನ ಕಿವಿಗೆ ಬಾಯಿಟ್ಟು, "ಏನೋ ಅದೆ ಅಪ್ಪ. ಮೇಲ್ಗಡೇದೋ ಕೆಳಗಡೇದೋ ನಂಗ್ ಗೊತ್ತಾಗ್ತಿಲ್ಲ" ಎಂದಳು.

ಪೂವಯ್ಯನವರು ನೆಟ್ಟಗೆ ನಿಂತು ಹೇಳಿದರು: "ನೀವು ಹೋಗಿ ಅಂದ್ರೆ ಹೋಗ್ತೇವೆ. ನಾನು ಬೇರೆ ಯಾರನ್ನೂ ಕೇಳೋದಿಲ್ಲ."

ಬೇಡ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅನುಮಾನದ ಮೇಲೆ ಒಂದು ಒಳ್ಳೆಯ ಗಾಡಿಯ ಮೇಲೆ ಗೂಬೆ ಕೂರಿಸುವವರಲ್ಲ ನಮ್ಮ ಆಚಾರಿಯವರು. ಮೇಷ್ಟ್ರ ಮಾತು ಅವರಿಗೆ ನೆನಪಾಯಿತೆಂದು ನನಗೆ ಅವರ ಬೆರಳ ಬಿಗಿತದಲ್ಲೇ ತಿಳಿಯಿತು. ಹೆಗಲ ಟವೆಲಿನಿಂದ ನನ್ನ ಹಿಡಿಯನ್ನು ಒರೆಸಿದರು. ಅಷ್ಟು ಜನರೆದುರು, ಹಾಡುಹಗಲಲ್ಲಿ, ಅದನ್ನು ಬಾಯಿಗಿಟ್ಟು ಕಚ್ಚಿದರು.

ಜಯಸಿಂಹ ಗಹಗಹಿಸಿ ನಕ್ಕ. "ಇದೇನ್ ಆಚಾರ್ರೇ, ಕಬ್ಬು ತಿಂತಿದೀರಾ?"

ಅವರು ಅಲ್ಲಾಡಲಿಲ್ಲ. ಒಂದೊಂದು ಸಿಲಿಂಡರಿನ ಬುಡಕ್ಕೂ ನನ್ನನ್ನು ತಾಗಿಸಿದರು. ಮೂರನೆಯದಕ್ಕೆ ಬಂದಾಗ ಕಚ್ಚಿದ ಬಿಗಿಗೆ ಹಲಸಿನ ಮರ ಕಿರುಗುಟ್ಟಿತು. ಬಾಯಿಂದ ತೆಗೆದು ನಿಧಾನವಾಗಿ ಹೇಳಿದರು:

"ನನ್ ಕಿವಿ ಹೋಗ್ಬುಟ್ಟದೆ ಜಯಸಿಂಹಪ್ಪ. ವರ್ಷ ಆಯ್ತು, ಯಾರ್ಗೂ ಹೇಳಿರ್ಲಿಲ್ಲ. ಹಲ್ಲು ಇನ್ನೂ ಅದೆ. ಮೂರನೇದ್ರ ಬೇರಿಂಗು ಸವೆದದೆ. ಸುಬೇದಾರ್ರೇ, ಕಿವಿ ನೆಟ್ಟಗಿರೋ ನೀವೇ ಕೇಳಿ."

ಪೂವಯ್ಯನವರು ನನ್ನನ್ನು ಕಿವಿಗಿಟ್ಟುಕೊಂಡರು. ಕಮಲಾಕ್ಷಿ ಇಕ್ಕಳದಿಂದ ಮೂರನೆಯ ಪ್ಲಗ್ಗಿನ ತಂತಿ ತೆಗೆದಳು. ಆ ಸಿಲಿಂಡರಿಗೆ ಕಿಡಿ ತಪ್ಪಿ ಬೇರಿಂಗಿನ ಮೇಲಿನ ಭಾರ ಇಳಿದ ಕೂಡಲೇ ಕೆಳಗಿನ ಕುಟ್ಟುವ ಸದ್ದು ನಿಂತಿತು. ಮತ್ತೆ ಸಿಕ್ಕಿಸಿದಳು, ಮತ್ತೆ ಕುಟ್ಟಿತು. "ಸರಿಯಾಗಿ ಕೇಳ್ತದೆ" ಎಂದರು ಪೂವಯ್ಯ. ಜಯಸಿಂಹನ ನಗು ಅಲ್ಲಿಗೆ ಮುಗಿಯಿತು.

ಮುತ್ತಮ್ಮನ ಮುಖ ಬಾಡಿತು. "ಹಾಗಾದ್ರೆ ಬೇಡ ಅಂತೀರಾ?"

"ಬೇಡ ಅಂದ್ನಾ ತಾಯಿ? ಬಾಡಿ ಚಿನ್ನ, ಗೇರ್‌ಬಾಕ್ಸ್ ಬೆಣ್ಣೆ. ಓಡ್ಸ್ಕೊಂಡ್ ಹೋಗ್ಬೇಡಿ ಅಂದೆ. ಎಳ್ಕೊಂಡ್ ಬನ್ನಿ ನಮ್ ಗ್ಯಾರೇಜಿಗೆ."

ಎಂಜಿನ್ ಬಿಚ್ಚಿದ ದಿನ ಜಯಸಿಂಹನೂ ಬಂದು ನಿಂತಿದ್ದ. ಮೂರನೆಯ ಬೇರಿಂಗಿನ ಬಿಳಿ ಲೋಹವೆಲ್ಲ ಸವೆದು ತಾಮ್ರ ಇಣುಕುತ್ತಿತ್ತು. ಅವನು ಅದನ್ನು ಉಗುರಿನಿಂದ ಗೀರಿ ನೋಡಿದ. ಮುಂದಿನ ತಿಂಗಳಿನಿಂದ ತಾನು ಕೊಳ್ಳುವ ಕಾರುಗಳನ್ನೂ ನಮ್ಮಲ್ಲಿಗೇ ತರತೊಡಗಿದ. ಆಚಾರಿಯವರು ಅದೇ ವಾರ ಮೇಷ್ಟ್ರ ಮನೆಗೆ ಹೋಗಿ, "ಕಡ್ಡಿ ಸರಿಯಾಗೇ ಹೇಳಿತ್ತು ಮೇಷ್ಟ್ರೇ, ತಪ್ಪು ನಂದು" ಎಂದು ಒಪ್ಪಿಕೊಂಡು, ಅವರ ಎಂಜಿನ್ನನ್ನು ತಾವೇ ಇಳಿಸಿ ಕಟ್ಟಿಕೊಟ್ಟರು. ಆ ವರ್ಷದ ಆಯುಧಪೂಜೆಯಲ್ಲಿ ಮೊದಲ ಕುಂಕುಮ ನನಗೆ ಬಿತ್ತು. ಸ್ಪ್ಯಾನರುಗಳ ಮುಖ ನೋಡಬೇಕಿತ್ತು.

ಈಗ ಗ್ಯಾರೇಜು ಕಮಲಾಕ್ಷಿಯದು. ಹೊಸ ಕಾರುಗಳಿಗೆ ಅವಳು ಒಂದು ಪೆಟ್ಟಿಗೆ ಸಿಕ್ಕಿಸುತ್ತಾಳೆ, ಅದು ಬೆಳಕು ಮಿಣುಕಿಸಿ ರೋಗದ ಹೆಸರು ಹೇಳುತ್ತದೆ. ಹಳೆಯ ಕಾರು ಬಂದರೆ ಮಾತ್ರ ಪೆಟ್ಟಿಗೆ ಮೂಕ. ಆಗ ನನ್ನನ್ನು ಇಳಿಸುತ್ತಾಳೆ. ಮೇಲಿನದೋ ಕೆಳಗಿನದೋ ಎಂದು ಈಗ ಅವಳು ಯಾರನ್ನೂ ಕೇಳುವುದಿಲ್ಲ.

ವರ್ಷಕ್ಕೊಮ್ಮೆ ಪೂವಯ್ಯ ದಂಪತಿಗಳು ಆ ಕುಂಕುಮದ ಬಣ್ಣದ ಕಾರಿನಲ್ಲಿ ಮಡಿಕೇರಿಯಿಂದ ಇಳಿದು ಬರುತ್ತಾರೆ. ಎಂಬತ್ತು ದಾಟಿದ ಆಚಾರಿಯವರನ್ನು ಕುರ್ಚಿಸಮೇತ ಬಾನೆಟ್ಟಿನ ಪಕ್ಕ ಕೂರಿಸುತ್ತಾರೆ. ಕಮಲಾಕ್ಷಿ ನನ್ನ ಮೊನೆಯನ್ನು ಮೂರನೆಯ ಸಿಲಿಂಡರಿಗೆ ತಾಗಿಸಿ, ಹಿಡಿಯನ್ನು ಅಪ್ಪನ ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾಳೆ. ಅವರು ಕಣ್ಣು ಮುಚ್ಚಿ ಕೇಳಿ, ಇಡೀ ಬಾಯಿ ತೆರೆದು ನಗುತ್ತಾರೆ.

ಮೊನ್ನೆ ಯಾರೋ ನನ್ನ ಹಿಡಿ ನೋಡಿ, "ಇಲಿ ಕಡಿದದ್ಯಾ? ಉಜ್ಜಿ ಪಾಲಿಶ್ ಮಾಡ್ಸಿ ಮೇಡಂ" ಎಂದರು. ಕಮಲಾಕ್ಷಿ ನನ್ನನ್ನು ಅವರ ಕೈಯಿಂದ ಇಸಿದುಕೊಂಡಳು. ಹಿಡಿಯ ಮೇಲೆ ಮೇಲ್ಸಾಲಿನವು ನಾಲ್ಕು, ಕೆಳಸಾಲಿನವು ಮೂರು, ಒಟ್ಟು ಏಳು ಗುರುತುಗಳಿವೆ. ಆಚಾರಿಯವರ ಬಾಯಲ್ಲಿ ಈಗ ಒಂದು ಹಲ್ಲೂ ಇಲ್ಲ. ಉಳಿದಿರುವುದೆಲ್ಲ ನನ್ನ ಮೇಲಿದೆ.