ಕರಿ ಮೀನಿನ ಮೈಮೇಲಿನ ಚುಕ್ಕೆಗಳು

ತಿಕೋಟಾದ ಅಮೋಘಿ ಅಳಿಯನ ಮನೆಯಲ್ಲಿ ಎರಡು ರಾತ್ರಿಗಿಂತ ಹೆಚ್ಚು ಉಳಿದವನಲ್ಲ. ಈ ಸಲ ಮೂರು ವಾರ ಉಳಿಯಬೇಕಾಗಿ ಬಂತು. ಎಡಗಣ್ಣಿನ ಪೊರೆ ತೆಗೆಸಿದ್ದರು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ ಮೇಲೆ ಕುರಿಗಳ ನಡುವೆ ಇರುವ ಮಾತೇ ಇರಲಿಲ್ಲ. ಹಿಂಡು ನೋಡಿಕೊಳ್ಳಲು ಹೆಂಡತಿ ಸಕ್ರವ್ವ ಊರಲ್ಲೇ ನಿಂತಳು. ಅಮೋಘಿ ಜೋರಾಪುರ ಪೇಟೆಯ ಮಗಳ ಮನೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತ.

ಆಪರೇಷನ್ ಮಾಡಿಸಿದವನು ಅಳಿಯ ಸುಭಾಷ. ದೀಪಾವಳಿಗೆ ತಿಕೋಟಾಕ್ಕೆ ಬಂದಿದ್ದಾಗ ಮಾವ ಚರಿಗೆಯ ನೀರನ್ನು ಲೋಟದ ಪಕ್ಕಕ್ಕೆ ಸುರಿದದ್ದನ್ನು ಅವನೊಬ್ಬನೇ ನೋಡಿದ್ದ. ಅಲ್ಲಿ ಏನೂ ಅನ್ನಲಿಲ್ಲ. ಕೆಲವು ದಿನ ಬಿಟ್ಟು ಬಂದು, ಸ್ವಲ್ಪ ಕೆಲಸವಿದೆ ಎಂದು ಗಾಡಿಯ ಮೇಲೆ ಕೂರಿಸಿಕೊಂಡು ನೇರ ಕಣ್ಣಿನ ಆಸ್ಪತ್ರೆಗೇ ಕರೆದೊಯ್ದ. ಎರಡು ವರ್ಷದಿಂದ ಮಬ್ಬುಗಣ್ಣನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಅಮೋಘಿಗೆ ಆ ದಿನ ಸಿಟ್ಟೇ ಬಂದಿತ್ತು.

ಪಟ್ಟಿ ಬಿಚ್ಚಿದ ಮರುದಿನ ಅವನಿಗೆ ಮೊದಲು ನಿಚ್ಚಳವಾಗಿ ಕಂಡದ್ದು ಪಡಸಾಲೆಯಲ್ಲಿದ್ದ ಗಾಜಿನ ತೊಟ್ಟಿ. ಅದು ಸುಭಾಷನದು. ಬೋರ್‌ವೆಲ್ ಮೋಟರ್ ವೈಂಡಿಂಗ್ ಮಾಡುವ ಅವನು ಸಂಜೆ ಅಂಗಡಿಯಿಂದ ಬಂದು ಕೈ ತೊಳೆದವನೇ ಅದರ ಮುಂದೆ ಕೂರುತ್ತಿದ್ದ. ಕಿತ್ತಳೆ ಬಣ್ಣದ ನಾಲ್ಕು ಮೀನು ಹಳೆಯವು. ಮಾಲಿ ಎಂಬ ಜಾತಿಯ ಎರಡು ಕರಿ ಮೀನುಗಳನ್ನು ಹಿಂದಿನ ವಾರವಷ್ಟೇ ತಂದು ಬಿಟ್ಟಿದ್ದ. ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಅಮೋಘಿ ತೊಟ್ಟಿಯೆದುರು ಸ್ಟೂಲು ಹಾಕಿಸಿಕೊಂಡು ಹಗಲೆಲ್ಲ ನೋಡತೊಡಗಿದ. ರೆಕ್ಕೆಯ ಒಂದೊಂದು ಗೆರೆಯೂ ಕಾಣುತ್ತಿತ್ತು. ಮೊದಲ ದಿನ ಅದಷ್ಟೇ ಅವನಿಗೆ ಸಾಕಾಯಿತು.

ಮೂರನೆಯ ದಿನ ಅವನ ಮನಸ್ಸಿಗೆ ಸರಿಬರಲಿಲ್ಲ. ಒಂದು ಕರಿ ಮೀನು ರೆಕ್ಕೆ ಮುದುರಿಕೊಂಡು ಮೂಲೆಯಲ್ಲಿ ನಿಂತಿತ್ತು. ಮೇವು ಹಾಕಿದಾಗ ಎಲ್ಲ ಮೇಲೆ ಬಂದರೂ ಅದು ಬರಲಿಲ್ಲ. ಆಗಾಗ ತಟ್ಟನೆ ಹೊರಳಿ ತಳದ ಕಲ್ಲಿಗೆ ಪಕ್ಕೆ ಉಜ್ಜಿ ಮತ್ತೆ ಮೂಲೆಗೆ ಹೋಗುತ್ತಿತ್ತು. ಆಟ ಆಡುತ್ತಿದೆ ಎಂದು ಮಗಳು ಚಂದ್ರಕಲಾ ನಕ್ಕಳು. ಕಜ್ಜಿ ಹತ್ತಿದ ಕುರಿ ಜಾಲಿ ಗಿಡಕ್ಕೆ ಹೇಗೆ ಮೈ ತಿಕ್ಕುತ್ತದೆಂದು ಬಲ್ಲ ಅಮೋಘಿಗೆ ನಗು ಬರಲಿಲ್ಲ. ಕನ್ನಡಕ ಸರಿಸಿ ನೋಡಿದ. ಕರಿ ಬಾಲದ ಮೇಲೆ ಜೋಳದ ರವೆ ಚೆಲ್ಲಿದಂತೆ ಏಳೆಂಟು ಬಿಳಿ ಚುಕ್ಕೆ.

ಅಳಿಯನಿಗೆ ಹೇಳುವುದು ಹೇಗೆ? ಉಂಡ ಮನೆಯ ಜಂತೆ ಎಣಿಸಿದಂತಾದೀತು ಎಂದು ಅವನು ಒಂದು ದಿನ ಸುಮ್ಮನಿದ್ದ. ಮರುದಿನ ಚುಕ್ಕೆಗಳು ಕಿತ್ತಳೆ ಮೀನಿನ ಮೇಲೂ ಕಂಡವು. ಸಂಜೆ ತಡವರಿಸುತ್ತ ಹೇಳಿಯೇಬಿಟ್ಟ. ಹೊಸ ಮೀನು, ಜಾಗ ಒಗ್ಗಿಲ್ಲ ಎಂದು ಸುಭಾಷ ಚುಟುಕಾಗಿ ಉತ್ತರಿಸಿ ಒಳಗೆ ಹೋದ.

ಬೆಳಗ್ಗೆ ಒಂದು ಕಿತ್ತಳೆ ಮೀನು ಸತ್ತು ತೇಲುತ್ತಿತ್ತು. ಸುಭಾಷ ಅದನ್ನು ಅಂಗೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಒಯ್ದ. ಬಹಳ ಹೊತ್ತು ನೋಡಿದ.

"ನನಗ ಕಾಣಲೇ ಇಲ್ಲ ಮಾವಾರ," ಎಂದ. "ನೀವು ಹೇಳಿದಾಗ ನೋಡಬೇಕಾಗಿತ್ತು. ಏಳ್ರಿ, ಮೀನಿನ ಅಂಗಡಿಗಿ ಹೋಗೂಣು. ಅವನ ಮುಂದ ನೀವ ಹೇಳ್ರಿ."

ಮೀನು ಮಾರುವ ಸಾದಿಕ ನಡುವಯಸ್ಸಿನವನು, ನಿಧಾನಸ್ಥ. ಮೀನು ಉಸಿರು ಜೋರಾಗಿ ಆಡುತ್ತಿದೆಯೇ, ತಿನ್ನುತ್ತಿದೆಯೇ, ಎಲ್ಲಿ ನಿಲ್ಲುತ್ತದೆ ಎಂದು ಒಂದೊಂದಾಗಿ ಕೇಳಿದ. ಎಲ್ಲಕ್ಕೂ ಅಮೋಘಿಯ ಬಳಿ ಉತ್ತರವಿತ್ತು. ರೋಗದ ಮೀನನ್ನು ಕುರಿಯಂತೆ ಬೇರೆ ಕಟ್ಟಬೇಕಲ್ಲವೇ ಎಂದೂ ಕೇಳಿದ. ತಂದ ದಿನವೇ ಬೇರೆ ಇಟ್ಟು ಎರಡು ಮೂರು ವಾರ ನೋಡಬೇಕಿತ್ತು, ಅದನ್ನು ತಾನೂ ಹೇಳಿ ಕಳಿಸಬೇಕಿತ್ತು ಎಂದು ಸಾದಿಕ ಒಪ್ಪಿಕೊಂಡ. ಈಗ ಆ ಚುಕ್ಕೆಯ ಹುಳ ನೀರಿಗೂ ತಳಕ್ಕೂ ಇಳಿದಿದೆ, ಇಡೀ ತೊಟ್ಟಿಗೇ ಔಷಧ ಹಾಕಬೇಕು ಎಂದ. ಚಳಿಗಾಲದಲ್ಲಿ ತಣ್ಣಗಾಗುವ ನೀರನ್ನು ಬೆಚ್ಚಗಿಡಲು ಹೀಟರ್ ಕೊಟ್ಟ. ಎರಡು ದಿನಕ್ಕೊಮ್ಮೆ ತಳದ ಹೊಲಸನ್ನು ಪೈಪಿನಿಂದ ಎಳೆದು, ಒಂದು ದಿನ ಹಿಡಿದಿಟ್ಟ ನೀರನ್ನೇ ತುಂಬಲು ತಿಳಿಸಿದ.

"ಚುಕ್ಕಿ ಹೋದ್ವು ಅಂತ ಬಿಟ್ಟೀರಿ ಮತ್ತ," ಎಂದು ಬೀಳ್ಕೊಡುವಾಗ ಎಚ್ಚರಿಸಿದ. "ಮೈಮ್ಯಾಲಿಂದು ತಳಕ್ಕ ಬಿದ್ದು ಅಲ್ಲೇ ಬೆಳೀತೈತಿ. ಕಾಣಲಿಲ್ಲಂದ್ರೂ ಇನ್ನೊಂದ್ ವಾರ ಔಷಧ ನಿಲ್ಲಿಸಬ್ಯಾಡ್ರಿ."

ಅಂದಿನಿಂದ ಬೆಳಗ್ಗೆ ಮಾವನ ಕಣ್ಣಿಗೆ ಅಳಿಯ ಹನಿ ಹಾಕಿದ ಮೇಲೆ ಇಬ್ಬರೂ ತೊಟ್ಟಿಯ ಮುಂದೆ ಬರುತ್ತಿದ್ದರು. ಅಮೋಘಿ ಸ್ಟೂಲಿನ ಮೇಲಿಂದ ಹೇಳುವುದು, ಸುಭಾಷ ಬಗ್ಗಿ ಮಾಡುವುದು. ಐದನೆಯ ದಿನ ಚುಕ್ಕೆಗಳು ಕಾಣದಾದವು. ಆರನೆಯ ದಿನ ಕರಿ ಮೀನು ರೆಕ್ಕೆ ಬಿಚ್ಚಿ ಮೇವಿಗೆ ಮೇಲೆ ಬಂತು. ಚಂದ್ರಕಲಾ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

ಆ ಹೊತ್ತು ಅಮೋಘಿಗೆ ಎದೆಯಲ್ಲಿದ್ದದ್ದು ಬಾಯಿಗೆ ಬಂತು. ಹಿಂದಿನ ಚಳಿಗಾಲದಲ್ಲಿ ಒಂಬತ್ತು ಕುರಿ ಕಜ್ಜಿ ಹತ್ತಿ ಸೊರಗಿ ಸತ್ತಿದ್ದವು. ಬೇನೆ ದೊಡ್ಡದು ಎಂದು ಊರಿಗೆಲ್ಲ ಹೇಳಿದ್ದ. ಬೇನೆ ಶುರುವಾದದ್ದೇ ತನಗೆ ಕಂಡಿರಲಿಲ್ಲ ಎಂಬುದನ್ನು ಮಗಳ ಎದುರು, ಅಳಿಯನ ಎದುರು ಈಗ ಹೇಳಿದ.

"ಕಣ್ಣಿಲ್ಲಂದ್ರ ಕುರುಬನ ಬಾಳೇವು ಏನೈತಿ, ನೀವ ಹೇಳ್ರಿ ಅಳಿಯಾರ. ನಾಚಿಕಿಗಿ ಮುಚ್ಚಿಟ್ಟಿದ್ದೆ. ನೀವು ಕೇಳದ ಕರಕೊಂಡ್ ಹೋದ್ರಿ. ಅವತ್ತ ನಾ ನಿಮಗ ಬೈದಿದ್ದೆ."

"ಮನಸಿನ್ಯಾಗ ಬೈದ್ರಿ. ನನಗ ಕೇಳಸಲಿಲ್ಲ," ಎಂದ ಸುಭಾಷ. ಬಗ್ಗಿ ಮಾವನ ಕಾಲು ಮುಟ್ಟಿದ. ಅಮೋಘಿ ಅವನ ತಲೆಯ ಮೇಲೆ ಕೈಯಿಟ್ಟು ನಿಂತ. ಮಗಳನ್ನು ಧಾರೆಯೆರೆದು ಹನ್ನೆರಡು ವರ್ಷವಾಗಿತ್ತು, ಅಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ.

ಡಾಕ್ಟರು ಊರಿಗೆ ಹೋಗಬಹುದು ಎಂದ ಮೇಲೂ ಅಮೋಘಿ ನಾಲ್ಕು ದಿನ ಹೆಚ್ಚಿಗೆ ಉಳಿದ. ಮೀನಿನ ಔಷಧ ಮುಗಿಯುವುದಿತ್ತು.

ತಿಕೋಟಾಕ್ಕೆ ಮರಳಿ ಇಪ್ಪತ್ತು ದಿನವಾಗಿರಬೇಕು, ಸಂಜೆ ಸುಭಾಷನ ಫೋನು ಬಂತು. ಕರಿ ಮೀನು ಮರಿ ಹಾಕಿದೆ, ತತ್ತಿಯಲ್ಲ, ಈಜುವ ಮರಿಗಳೇ, ಹದಿನಾಲ್ಕಿರಬಹುದು ಎಂದ. ದೊಡ್ಡವು ಮರಿಗಳನ್ನು ತಿಂದುಬಿಡುತ್ತವಂತೆ, ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ ಎಂದೂ ಹೇಳಿದ. ಅಮೋಘಿ ಎಲ್ಲ ಕೇಳಿಸಿಕೊಂಡು, ಮರಿಗಳು ತಿನ್ನುತ್ತಿವೆಯೇ ಎಂದು ವಿಚಾರಿಸಿದ. ಫೋನಿಟ್ಟು ಹೆಂಡತಿಯ ಕಡೆ ತಿರುಗಿದ.

"ಸಕ್ರವ್ವಾ, ನಾಳೆ ಹಿಂಡ ನೀ ಹೊಡಕೊಂಡ ಹೋಗು. ನಾ ಅಳಿಯಾರ ಮನಿಗಿ ಹೊಂಟೇನಿ."

ಯಾಕೆ, ಕರೆದರೇನು ಎಂದಳು ಅವಳು. ಕರೆಯಲಿಲ್ಲ ಎಂದು ಹೇಳಿ, ಅಮೋಘಿ ಮೊಮ್ಮಕ್ಕಳಿಗೆ ಒಯ್ಯಲು ಶೇಂಗಾ ಹುರಿಯಲು ಕೂತ.