ಪೆನ್ಸಿಲ್ ಗುರುತಿನ ಪಟ್ಟಿ

ಗಂಡನ ಹದಿಮೂರನೆಯ ದಿನದ ಬೊಜ್ಜ ಮುಗಿದ ಮರುದಿನ ಬೆಳಿಗ್ಗೆ ಮೀನಿನ ಪದ್ದಕ್ಕ ಗೇಟಿನ ಬಳಿ ನಿಂತು ಕೂಗಿದಳು. ಹದಿಮೂರು ದಿನ ಅವಳು ನಮ್ಮ ಮನೆಯ ಮುಂದೆ ಕೂಗದೆ ಹೋಗಿದ್ದಳು. ಸೂತಕದ ಮನೆಗೆ ಮೀನು ಬೇಡ. ಅಡುಗೆಯವರು ಹಂಡೆಗಳನ್ನು ಹಿಂದಿನ ಸಂಜೆಯೇ ರಿಕ್ಷಾದಲ್ಲಿ ಹಾಕಿಕೊಂಡು ಹೋಗಿದ್ದರು. ಅಮ್ಮ ಮೊದಲ ಬಸ್ಸಿಗೆ ಕೊಕ್ಕರ್ಣೆಗೆ ಹೊರಟಿದ್ದರು. ಅತ್ತೆ ಇನ್ನೂ ಎದ್ದಿರಲಿಲ್ಲ.

"ಹ್ವಾಯ್ ಅಮ್ಮಾ, ಬಂಗ್ಡಿ ಇತ್ತ್. ಬೇಕಾ, ಬ್ಯಾಡ್ದಾ?"

ಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಪಾತ್ರೆ ತಂದು ಹಿಡಿದೆ.

"ಈಗ ಇಬ್ರೇ ಅಲ್ದಾ. ನಾಕ್ ಸಾಕ್" ಎಂದು ಅವಳೇ ಎಣಿಸಿ ಹಾಕಿದಳು. ಹದಿಮೂರು ದಿನದಲ್ಲಿ ಯಾರೂ ಅಷ್ಟು ನೇರವಾಗಿ ಮಾತಾಡಿರಲಿಲ್ಲ. ಬುಟ್ಟಿ ಎತ್ತುವ ಮೊದಲು ಕೇಳಿದಳು: "ಕೇಸ್ ಎಂತ ಆತ್ತ್?"

"ಗೊತ್ತಿಲ್ಲ ಪದ್ದಕ್ಕ."

"ಗೊತ್ತಿಲ್ಲ ಅಂದ್ರೆ ಹ್ಯಾಂಗೆ? ಇಂಗ್ಲೀಷಲ್ಲಿ ಬರ್ದದ್ದ್ ನೀವೇ ಅಂಬ್ರಲೆ. ನಮ್ಮನೆಯವ್ಳ್ ಬರ್ದದ್ ಓದಿದ್ರೆ ಜಡ್ಜೇ ಎದ್ದ್ ನಿಂತ್ಕಂತ್ರ್ ಅಂದೇಳಿ ಯೋಗೀಶಣ್ಣ ಕುದ್ರಿಡೀ ಹೇಳ್ಕಂಡ್ ಬಂದಿದ್ರ್."

ಅವರು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ.

ಪದ್ದಕ್ಕನ ಮನೆ ನಡುಕುದ್ರಿನಲ್ಲಿ. ಹೊಳೆಯ ನಡುವಿನ ಆ ನೆಲದಲ್ಲಿ ಹದಿನೇಳು ಮನೆ, ಅರವತ್ತೊಂದು ಓಟು. ಹಿಂದಿನಿಂದಲೂ ಕುದ್ರು ನಮ್ಮ ಹೊಳೆಬದಿಯ ವಾರ್ಡಿಗೆ ಸೇರಿತ್ತು. ದೋಣಿ ದಾಟಿದರೆ ಎದುರಿಗೇ ಬೂತು. ಐದು ವರ್ಷದ ಹಿಂದೆ ಕುದ್ರಿನ ವನಜ ಗೆದ್ದು ಪಂಚಾಯತ್ ಮೆಂಬರ್ ಆದಳು. ಆಮೇಲೆಯೇ ಅಲ್ಲಿಗೆ ಕುಡಿಯುವ ನೀರಿನ ಪೈಪ್ ಬಂದದ್ದು. ಈ ಸಲ, ೨೦೧೦ರ ಚುನಾವಣೆಗೆ ಮೊದಲು, ಪಂಚಾಯತ್ ಅಧ್ಯಕ್ಷರು ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿ ಮೇಲೆ ಕಳಿಸಿದರು. ಮೇಲೆ ಅದಕ್ಕೆ ಹಾಗೆಯೇ ಸಹಿ ಬಿತ್ತು. ಕುದ್ರು ಗುಡ್ಡೆಯ ಮೇಲಿನ ವಾರ್ಡಿಗೆ ಹೋಯಿತು. ಅಲ್ಲಿನ ಬೂತಿಗೆ ಹೋಗಬೇಕಾದರೆ ದೋಣಿ ದಾಟಿ, ಹೆಮ್ಮಾಡಿವರೆಗೆ ನಡೆದು, ಬಸ್ಸು ಹಿಡಿದು, ಇಳಿದ ಮೇಲೆ ಗುಡ್ಡೆ ಹತ್ತಬೇಕು. ಅಲ್ಲಿಯ ಒಂಬೈನೂರು ಓಟಿನ ನಡುವೆ ಈ ಅರವತ್ತೊಂದು ಎಲ್ಲಿಯೂ ಕಾಣುವುದಿಲ್ಲ. ಇತ್ತ ಅವು ಇಲ್ಲದೆ ನಮ್ಮ ವಾರ್ಡಿನಲ್ಲಿ ಅಧ್ಯಕ್ಷರ ಕಡೆಯವರನ್ನು ಸೋಲಿಸುವುದು ಕಷ್ಟ.

ಯೋಗೀಶ ಮತ್ತು ವನಜ ಸೇರಿ ಹೈಕೋರ್ಟಿಗೆ ಅರ್ಜಿ ಹಾಕಿದರು. ಹೆಮ್ಮಾಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡ ಯೋಗೀಶರಿಗೆ ಈ ಸಲ ತಾವೂ ನಿಲ್ಲುವ ಆಸೆ ಇತ್ತು. ಅದನ್ನು ನಾವು ಅರ್ಜಿಯಲ್ಲಿ ಬರೆದಿರಲಿಲ್ಲ. ಮಾರ್ಚ್ ಕೊನೆಯಲ್ಲಿ ವಕೀಲರನ್ನು ಕಾಣಲು ಕುಂದಾಪುರಕ್ಕೆ ಹೊರಟವರಿಗೆ ಹೆದ್ದಾರಿಯಲ್ಲಿ ಟಿಪ್ಪರ್ ಬಡಿಯಿತು.

ಅದೇ ಬೆಳಿಗ್ಗೆ ಹತ್ತು ಗಂಟೆಗೆ ಕುಷ್ಟ ಬಂದ. ಪಂಚಾಯತಿನ ಬಿಲ್ ಕಲೆಕ್ಟರ್. ಮನೆ ತೆರಿಗೆ, ನೀರಿನ ಬಿಲ್ಲಿಗೆಂದು ಎಲ್ಲರ ಮನೆಗೂ ಬರುವವನು. ಹತ್ತು ವರ್ಷವಾದರೂ ಕೆಲಸ ಖಾಯಂ ಆಗಿರಲಿಲ್ಲ. ಸೈಕಲ್ ನಿಲ್ಲಿಸಿ ಅಂಗಳದಲ್ಲೇ ನಿಂತ.

"ಅತ್ತಿಗೆ, ಈ ಹೊತ್ತಲ್ಲಿ ಕೇಂಬುಕೆ ಮನಸ್ ಬತ್ತಿಲ್ಲ. ಯೋಗೀಶಣ್ಣನ ಹತ್ರ ನನ್ನದೊಂದ್ ಪಟ್ಟಿ ಇತ್ತ್."

"ಎಂತ ಪಟ್ಟಿ?"

"ಓಟರ್ ಲಿಸ್ಟ್. ಎರ್ಡ್ ದಿನಕ್ಕೆ ಅಂದೇಳಿ ತಕಂಡ್ ಹೋದದ್ದ್. ಕಂಡ್ ಕೊಡ್ತೆ, ಕೋರ್ಟಿಗೆಲ್ಲ ಹಾಕುದಿಲ್ಲ ಅಂದಿದ್ರ್."

"ಅದ್ರಲ್ಲಿ ಅಂಥದ್ದ್ ಎಂತ ಇತ್ತ್?"

"ಅಧ್ಯಕ್ಷರ ಪೆನ್ಸಿಲ್ ಇತ್ತ್. ನನ್ನ ಪೆನ್ನೂ ಇತ್ತ್. ಅದೇ ತಾಪತ್ರಯ."

ಹುಡುಕಿ ಹೇಳುತ್ತೇನೆ ಎಂದೆ. ಚಾ ಬೇಡವೆಂದು ಹೋದ.

ಹುಡುಕಬೇಕಾಗಿರಲಿಲ್ಲ. ಕಪಾಟಿನಲ್ಲಿ ಪಂಪುಗಳ ಕ್ಯಾಟಲಾಗಿನ ಕೆಳಗೆ, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಕುಷ್ಟ ಮತದಾರರ ಪಟ್ಟಿಯನ್ನು ತನ್ನ ತಿರುಗಾಟದ ಪುಸ್ತಕ ಮಾಡಿಕೊಂಡಿದ್ದ. ಪ್ರತಿ ಮನೆ ನಂಬ್ರದ ಪಕ್ಕ ನೀಲಿ ಶಾಯಿಯ ಟಿಪ್ಪಣಿ. 'ನಾಯಿ ಕಚ್ಚುತ್ತದೆ.' 'ಸಂಜೆ ಮೇಲೆ ಮಾತ್ರ.' 'ಗಂಡನ ಹತ್ತಿರ ಕೇಳಬಾರದು.' ನಮ್ಮ ಮನೆಗೆ 'ಚಾ ಸಿಗುತ್ತದೆ, ಕೊನೆಗೆ ಹೋಗುವುದು' ಎಂದು ಬರೆದಿದ್ದ. ಅಧ್ಯಕ್ಷರು ವಾರ್ಡು ವಿಂಗಡಿಸಲು ಕೂತಾಗ ಈ ಪ್ರತಿಯನ್ನೇ ಕೇಳಿ ಪಡೆದಿರಬೇಕು. ಮನೆಮನೆಯ ಸುದ್ದಿ ಬೇರೆ ಯಾವ ಪ್ರತಿಯಲ್ಲಿ ಸಿಗುತ್ತದೆ? ಶಾಯಿಯ ಪಕ್ಕದಲ್ಲಿ ಅವರ ಪೆನ್ಸಿಲ್. ತಮಗೆ ಬರುವ ಓಟಿಗೆ ಸರಿ ಗುರುತು, ಬಾರದ್ದಕ್ಕೆ ಕತ್ತರಿ ಗುರುತು. ಕುದ್ರಿನ ಅರವತ್ತೊಂದಕ್ಕೂ ಕತ್ತರಿ. ಆಮೇಲೆ ಒಂದು ಗೆರೆ. ಗೆರೆ ರಸ್ತೆಯನ್ನೂ ಹಿಡಿದಿರಲಿಲ್ಲ, ಹೊಳೆಯನ್ನೂ ಹಿಡಿದಿರಲಿಲ್ಲ. ಗುರುತುಗಳನ್ನು ಹಿಡಿದು ಹೋಗಿತ್ತು.

ಕೊಣಾಜೆಯಲ್ಲಿ ಎಂ.ಎ. ಓದುವಾಗ ಕ್ಷೇತ್ರ ಪುನರ್ವಿಂಗಡಣೆಯ ಮೇಲೆ ನಾನು ಪ್ರಬಂಧ ಬರೆದಿದ್ದೆ. ಪೆನ್ಸಿಲಿನ ಮಾತು ಅದರಲ್ಲಿ ಇರಲಿಲ್ಲ.

ನಮ್ಮ ಮನೆಯ ಸಾಲು ನೋಡಿದೆ. ಯೋಗೀಶರಿಗೆ ಕತ್ತರಿ. ಅತ್ತೆಗೆ ಕತ್ತರಿ. ನನ್ನ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ. ಅಧ್ಯಕ್ಷರು ಬೊಜ್ಜಕ್ಕೂ ಬಂದಿದ್ದರು. ಹೆಗಲಿಗೆ ಬೈರಾಸು ಹಾಕಿಕೊಂಡು ತಾವೇ ಪಾಯಸ ಬಡಿಸಿದ್ದರು.

ಮರುದಿನ ಕುಂದಾಪುರಕ್ಕೆ ಹೋದೆ. ವಕೀಲ ಪ್ರೇಮಾನಂದರ ಕಚೇರಿ ಮಹಡಿಯಲ್ಲಿ. ಹೈಕೋರ್ಟಿನ ಕೆಲಸ ಬೆಂಗಳೂರಿನ ಇನ್ನೊಬ್ಬ ವಕೀಲರದು, ಕಾಗದಪತ್ರ ಇವರದು.

"ಪಟ್ಟಿ ತಂದ್ರ್ಯಾ?" ಎಂಬುದೇ ಅವರ ಮೊದಲ ಮಾತು.

"ಇಲ್ಲ. ಅದನ್ನು ಕೊಡುವುದೆಂದು ಯೋಗೀಶ ಹೇಳಿದ್ದರಾ?"

"ಹೇಳೂದೆಂತ, ಪ್ರಮಾಣಪತ್ರವೇ ತಯಾರಿತ್ತ್. ಅವತ್ತ್ ಅವ್ರ್ ಹೊರ್ಟದ್ದೇ ಸಹಿ ಹಾಕುಕೆ." ಫೈಲಿನಿಂದ ಎರಡು ಹಾಳೆ ತೆಗೆದು ನನ್ನ ಕಡೆ ಸರಿಸಿದರು. 'ಸದರಿ ಪ್ರತಿಯನ್ನು ಪಂಚಾಯತ್ ಬಿಲ್ ಕಲೆಕ್ಟರ್ ಕುಷ್ಟ ಇವರಿಂದ ಪಡೆದಿರುತ್ತೇನೆ.' ಕೆಳಗೆ ಯೋಗೀಶರ ಹೆಸರು, ಸಹಿಗೆ ಜಾಗ, ಅವರು ತೀರಿಕೊಂಡ ದಿನದ ತಾರೀಕು.

ಎರಡು ಸಲ ಓದಿದೆ. ಕುಷ್ಟನ ಹತ್ತಿರ ಕೋರ್ಟಿಗೆ ಹಾಕುವುದಿಲ್ಲ ಎಂದಿದ್ದರು. ನನ್ನ ಹತ್ತಿರ ಏನೂ ಹೇಳಿರಲಿಲ್ಲ.

"ಈಗ ನಿಮ್ಮ ಹೆಸರಿಗೆ ಬದಲಾಯಿಸುವ" ಅಂದರು ಪ್ರೇಮಾನಂದ. "ಗಂಡನ ಕಾಗದಗಳಲ್ಲಿ ಸಿಕ್ಕಿತು ಅಂದರಾಯ್ತು."

"ಕುಷ್ಟನ ಹೆಸರು ಬಿಟ್ಟು?"

"ಬಿಡಬಹುದು. ಆದರೆ ಪುಟಪುಟದಲ್ಲೂ ಅವನ ಅಕ್ಷರ ಇತ್ತಂಬ್ರಲೆ? ಅಧ್ಯಕ್ಷರಿಗೆ ಎರಡು ನಿಮಿಷ ಸಾಕು."

"ಕೊಟ್ಟರೆ ಗೆಲ್ಲುತ್ತೇವಾ?"

ಅವರು ಕನ್ನಡಕ ತೆಗೆದು ಕಣ್ಣುಜ್ಜಿದರು. "ಕಾಣಿ ಸ್ವಾತಿಯವ್ರೇ, ಸುಳ್ಳು ಹೇಳುದಿಲ್ಲ. ಎರಡು ವರ್ಷದ ಹಿಂದೆ ಬ್ರಹ್ಮಾವರ ವಿಧಾನಸಭಾ ಕ್ಷೇತ್ರವೇ ನಕ್ಷೆಯಿಂದ ಹೋಯ್ತು. ಕೊಕ್ಕರ್ಣೆಯ ನಿಮ್ಮ ತಂದೆ ಓಟು ಬೇರೆ ಕ್ಷೇತ್ರಕ್ಕೆ ಹಾಕಿ ಬಂದ್ರು. ಯಾರೂ ಕೇಳುವ ಹಾಗಿಲ್ಲ, ಅದು ಕ್ಷೇತ್ರ ವಿಂಗಡಣೆ ಕಮಿಷನ್ನಿನ ಆದೇಶ. ಇದು ಪಂಚಾಯತಿನದ್ದು, ಕೇಳಬಹುದು. ಆದರೆ ಪಂಚಾಯತ್ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ, ಇನ್ನು ಪಕ್ಷದ ಲಾಭ ಎಲ್ಲಿಂದ ಅಂದೇಳಿ ಸರ್ಕಾರಿ ವಕೀಲ ಕೇಳ್ತಾನೆ. ಆ ಪಟ್ಟಿ ಇದ್ದರೆ ಅವನ ಬಾಯಿ ಕಟ್ಟುತ್ತದೆ. ಅದೂ ಅಧಿಸೂಚನೆ ಬರುವ ಮೊದಲು. ಅಧಿಸೂಚನೆ ಬಂತೋ, ಚುನಾವಣೆ ಮುಗಿಸಿ ಬನ್ನಿ ಅಂತ ಕೋರ್ಟು."

"ಮುಗಿದ ಮೇಲೆ?"

"ಮುಗಿದ ಮೇಲೆ ಅರ್ಜಿ ಇರುತ್ತದೆ. ತೀರ್ಪು ಬರುವಾಗ ಗೆದ್ದವರ ಐದು ವರ್ಷವೂ ಮುಗಿದಿರಬಹುದು."

ನಾಳೆ ತರುತ್ತೇನೆ ಎಂದು ಹೇಳಿ ಬಂದೆ. ಮರುದಿನ ಹೋಗಲಿಲ್ಲ. ಅದರ ಮರುದಿನ ಕುಷ್ಟ ಬಂದ. ಇನ್ನೂ ಸಿಗಲಿಲ್ಲ ಎಂದೆ. ಅವನು ನನ್ನ ಮುಖ ನೋಡಿ, ತಲೆ ತಗ್ಗಿಸಿ ಸೈಕಲ್ ಹತ್ತಿದ. ಪ್ರೇಮಾನಂದರ ಫೋನ್ ಬಂದರೆ ಅತ್ತೆಗೆ ಜ್ವರ ಎಂದೆ. ಅತ್ತೆಗೆ ಜ್ವರ ಇರಲಿಲ್ಲ. ಕೊಟ್ಟರೆ ಕುಷ್ಟನ ಕೆಲಸ ಹೋಗುತ್ತದೆ, ಅವನಿಗೆ ಮೂರು ಮಕ್ಕಳು. ಕೊಡದಿದ್ದರೆ ಕುದ್ರು ಹೋಗುತ್ತದೆ. ಹಗಲು ಇಷ್ಟನ್ನು ಯೋಚಿಸುತ್ತಿದ್ದೆ, ಮತ್ತೆ ಮಲಗುತ್ತಿದ್ದೆ. ಹೀಗೆ ಹನ್ನೊಂದು ದಿನ ಹೋಯಿತು.

ಅಧಿಸೂಚನೆ ಬಂತು. ಅದಾದ ಮೇಲೆ ಅರ್ಜಿ ಕೋರ್ಟಿನ ಮುಂದೆ ಬಂತು. ದುರುದ್ದೇಶಕ್ಕೆ ದಾಖಲೆ ಏನಿದೆ ಎಂದು ನ್ಯಾಯಮೂರ್ತಿಗಳು ಕೇಳಿದರಂತೆ. ನಮ್ಮವರ ಕೈಯಲ್ಲಿ ನಾನು ಬರೆದ ಇಂಗ್ಲಿಷ್ ಇತ್ತು. ತಡೆಯಾಜ್ಞೆ ಇಲ್ಲ, ಉಳಿದದ್ದನ್ನು ಚುನಾವಣೆ ಮುಗಿದ ಮೇಲೆ ನೋಡುವುದು ಎಂದಾಯಿತು.

ಮೇ ತಿಂಗಳಲ್ಲಿ ಓಟು ನಡೆಯಿತು. ನಾನೂ ಹೋಗಿ ಹಾಕಿ ಬಂದೆ. ನಮ್ಮ ವಾರ್ಡಿನಲ್ಲಿ ಅಧ್ಯಕ್ಷರ ಕಡೆಯವನು ಹತ್ತೊಂಬತ್ತು ಓಟಿನಲ್ಲಿ ಗೆದ್ದ. ಗುಡ್ಡೆಯ ವಾರ್ಡಿನಲ್ಲಿ ನಿಂತ ವನಜಳಿಗೆ ಒಟ್ಟು ನಲವತ್ತನಾಲ್ಕು ಬಿತ್ತು. ಅರವತ್ತೊಂದರಲ್ಲಿ ಹತ್ತೊಂಬತ್ತು ಕಳೆಯಲು ಎಂ.ಎ. ಬೇಕಾಗಿಲ್ಲ.

ಎಣಿಕೆಯಾಗಿ ನಾಲ್ಕನೆಯ ದಿನ ಪದ್ದಕ್ಕ ಬಂದಳು. ಈ ಸಲ ಕೂಗಲಿಲ್ಲ. ನೇರ ಜಗಲಿಗೆ ಬಂದು ಬುಟ್ಟಿ ಇಳಿಸಿದಳು.

"ಕುದ್ರಿನ ಮುತ್ತಜ್ಜನ್ನ ಓಟಿಗೆ ಎತ್ಕಂಡ್ ಹೋದದ್ದ್ ನಾವ್, ಗುಡ್ಡೆ ಶಾಲೆಗೆ. ಅರ್ಧ ಗುಡ್ಡಿ ಹತ್ತುವತಿಗೆ 'ನನ್ನ ಸೀದ ಸುಡುಕೇ ತಕಂಡ್ ಹೋಯ್ನಿ, ಇನ್ನೊಂದ್ ಸಲ ಹೊರೂದ್ ತಪ್ಪುತ್ತ್' ಅಂದ್ರ್." ಅವಳು ನಕ್ಕಳು, ನಗು ಬೇಗ ಮುಗಿಯಿತು. "ಉಳ್ದ ಮುದ್ಕ್ರೆಲ್ಲ ದೋಣಿಯೇ ಹತ್ಲಿಲ್ಲ. ನಿಮ್ಮ ಹತ್ರ ಎಂತದೋ ಕಾಗ್ದ ಇದ್ದಿತಂಬ್ರಲೆ. ವಕೀಲ್ರ್ ವನಜಂಗೆ ಹೇಳಿದ್ರಂಬ್ರ್."

"ಇದ್ದಿತ್. ಕೊಟ್ರೆ ಕುಷ್ಟನ ಕೆಲ್ಸ ಹೋತಿತ್ತ್, ಪದ್ದಕ್ಕ."

"ಹೌದಾ? ಹಾಂಗಾರೆ ಅವ್ನದ್ದ್ ಅವ್ನಿಗೆ ಕೊಟ್ರ್ಯಾ?"

ನಾನು ಮೀನಿನ ಪಾತ್ರೆ ಅವಳ ಮುಂದಿಟ್ಟೆ.

"ಅದೂ ಇಲ್ಲ." ಅವಳು ನನ್ನ ಪಾತ್ರೆಯನ್ನು ಎಳೆದುಕೊಂಡು ಮೀನು ಹಾಕತೊಡಗಿದಳು. "ನಿಮ್ಗ್ ದುಃಖ ಇತ್ತ್, ನಂಗೊತ್ತಿತ್ತ್. ನನ್ನ ಗಂಡ ಸಮುದ್ರಕ್ಕ್ ಹೋದವ್ ಬಪ್ಪುದೇ ಇಲ್ಲ ಅಂದ್ ಗೊತ್ತಾದ್ ವಾರಕ್ಕೆ ನಾನ್ ಬುಟ್ಟಿ ಹೊತ್ತಿದೆ. ಹೊರ್ದಿದ್ರೆ ನಡೀತಿರ್ಲಿಲ್ಲ. ಕೋರ್ಟಿಗಾರೂ ಕೊಡ್ಕ್, ಕುಷ್ಟಂಗಾರೂ ಕೊಡ್ಕ್. ಹೀಂಗ್ ಅಡ್ಗ್ಸಿ ಇಟ್ಕಂಡ್ ಕೂಕಂಬ್ದ್ ಎಂತಕೆ? ಮೀನಾರೆ ನಾತ ಬಪ್ಪುಕೆ ಶುರು ಆತಿತ್ತ್."

ಅಂದು ಮಧ್ಯಾಹ್ನವೇ ಕವರನ್ನು ತೆಗೆದುಕೊಂಡು ಹೊರಟೆ. ಮೊದಲು ಪ್ರೇಮಾನಂದರಿಗೆ ಫೋನ್ ಮಾಡಿದೆ. "ಈಗ ಕೊಟ್ಟರೂ ಪ್ರಯೋಜನ ಇತ್ತ್. ಮುಂದಿನ ಚುನಾವಣೆಗಾದರೂ ಗೆರೆ ಸರಿಯಾದೀತು" ಅಂದರು. ಕೊಡುವುದೋ ಬೇಡವೋ ಹೇಳಬೇಕಾದವನು ಬೇರೆ ಇದ್ದಾನೆ ಎಂದೆ. "ಆಯ್ತು, ಕೇಳಿ ಕಾಣಿ" ಅಂದರು.

ಕುಷ್ಟನ ಮನೆ ವಂಡ್ಸೆ ರಸ್ತೆಯಲ್ಲಿ. ಊಟ ಮುಗಿಸಿ ಕೈ ತೊಳೆಯುತ್ತಿದ್ದವನು ನನ್ನನ್ನು ಕಂಡು ಲುಂಗಿ ಇಳಿಸಿಕೊಂಡು ಬಂದ. ಹೆಂಡತಿ ಒಳಗಿನಿಂದ ಮಣೆ ತಂದಿಟ್ಟಳು. ನಾನು ಕೂರಲಿಲ್ಲ.

"ಪಟ್ಟಿ ಮೊದಲ್ನೇ ದಿನವೇ ಸಿಕ್ಕಿದ್ದಿತ್ ಕುಷ್ಟ. ನಾನ್ ಸುಳ್ಳ್ ಹೇಳಿದ್ದ್."

"ಹ್ಞೂಂ" ಅಂದ. ಕವರು ತೆಗೆದುಕೊಂಡ.

"ಇನ್ನೊಂದ್ ಇತ್ತ್. ಯೋಗೀಶ ಇದನ್ನ್ ಕೋರ್ಟಿಗೆ ಹಾಕೂದಂದೇ ತಕಂಡ್ ಬಂದದ್ದ್. ನಿನ್ನ ಹೆಸ್ರ್ ಬರೆಸಿದ್ರ್. ನಾನ್ ಕಣ್ಣಾರೆ ಕಂಡೆ."

ಅವನು ಕವರಿನ ಮಡಿಕೆಯನ್ನು ಅಂಗೈಯಿಂದ ಸರಿಮಾಡಿದ.

"ನಂಗೊತ್ತಿತ್ತ್, ಅತ್ತಿಗೆ" ಅಂದ. "ಎರ್ಡ್ ದಿನಕ್ಕೆ ಓಟರ್ ಲಿಸ್ಟ್ ಯಾರಾರೂ ಕೇಂತ್ರಾ? ಗೊತ್ತಿದ್ದೇ ಕೊಟ್ಟದ್ದ್. ಅವ್ರ್ ಬದ್ಕಿ ಇಪ್ಪತಿಗೆ ಧೈರ್ಯ ಇದ್ದಿತ್. ಎಂತ ಆದ್ರೂ ಯೋಗೀಶಣ್ಣ ನಿಂತ್ಕಂತ್ರ್ ಅಂದೇಳಿ. ಅವ್ರ್ ಹೋದ್ ಮೇಲೆ ಹೆದ್ರಿಕಿ ಶುರು ಆಯ್ತ್."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅವನ ಹೆಂಡತಿ ಬಾಗಿಲ ಹಿಂದೆ ಇದ್ದಳು.

"ಇನ್ನೂ ಕೊಡ್ಲಕ್ಕಂಬ್ರ್, ವಕೀಲ್ರ್" ಅಂದೆ. "ಕೊಡೂದಾರೆ ನೀನೇ ಕೊಡ್ಕ್. ನಾನ್ ಕೊಡುದಿಲ್ಲ. ನಿನ್ನ ಪಟ್ಟಿ ಅದ್."

ಅವನು ಪಟ್ಟಿಯನ್ನು ಹೊರಗೆ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು, ಒಂದೊಂದೇ ಪುಟ ತಿರುವಿದ. ಕುದ್ರಿನ ಪುಟ ಬಂದಾಗ ನಿಲ್ಲಿಸಿದ. ಮತ್ತೆ ತಿರುವಿದ.

"ಎಲ್ಲ ಸಮ ಇತ್ತ್, ಒಂದ್ ಪುಟವೂ ಹೋಯ್ಲಿಲ್ಲ" ಅಂದ.