ಪಾಳಿಗೆ ನಿಂತ ಕೋಟು

ತವನಪ್ಪಣ್ಣನವರು ನಡೆಯುವುದನ್ನು ಮೊದಲ ಸಲ ನೋಡಿದವರು, ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದೇ ತಿಳಿಯುತ್ತಿದ್ದರು. ಇರುವೆಯನ್ನು ತುಳಿದೇನೆಂಬ ಅಂಜಿಕೆಯಿಂದ ದೃಷ್ಟಿಯನ್ನು ಪಾದದ ಮುಂದೆಯೇ ನೆಟ್ಟು, ಬರಿಗಾಲಲ್ಲಿ ಅವರು ಖಾನಾಪುರದ ಪೇಟೆ ದಾಟುವಷ್ಟರಲ್ಲಿ ನನ್ನದು ಎರಡು ಸಲ ಚಹಾ ಮುಗಿಯುತ್ತಿತ್ತು. ಬೆಳಗಾವಿಯ ಕೋರ್ಟಿನಲ್ಲಿ ಗುಮಾಸ್ತರಾಗಿದ್ದಾಗ ಹೊಲಿಸಿದ ಕರಿಯ ಕೋಟು, ನಿವೃತ್ತರಾದ ಮೇಲೂ, ಸುಡುಬೇಸಿಗೆಯಲ್ಲೂ ಮೈಬಿಟ್ಟು ಇಳಿಯಲಿಲ್ಲ. ಇನ್ನೊಂದು ಹಟ, ಹೊತ್ತು ಮುಳುಗುವ ಮೊದಲು ಊಟ. ಜೈನ ಮನೆತನದ ಆ ನೇಮಕ್ಕೆ ಮದುವೆಯಾಗಲಿ ಮಳೆಯಾಗಲಿ ಅಡ್ಡ ಬಂದದ್ದನ್ನು ನಾನು ಕಾಣೆ.

ಎರಡು ಸಾವಿರದ ಹದಿನಾರರ ನವೆಂಬರಿನಲ್ಲಿ ಹಳೆಯ ಐನೂರು, ಸಾವಿರದ ನೋಟುಗಳು ರದ್ದಾದಾಗ ಬ್ಯಾಂಕಿನ ಮುಂದೆ ಮನುಷ್ಯರಿಗಿಂತ ಚಪ್ಪಲಿಗಳೇ ಹೆಚ್ಚು ಸಾಲುಗಟ್ಟಿ ಪಾಳಿ ನಿಂತಿದ್ದವು. ಅವುಗಳ ಒಡೆಯರು ನೆರಳಿನಲ್ಲಿ ಹರಟೆ ಹೊಡೆಯುತ್ತಿದ್ದರು. ಬಿಸಿಲು ಇಳಿಯತೊಡಗಿತು, ತವನಪ್ಪಣ್ಣನವರ ಊಟದ ಹೊತ್ತಾಯಿತು. ಬಿಟ್ಟುಹೋಗಲು ಚಪ್ಪಲಿಯಿಲ್ಲ. ಕೊನೆಗೆ, ಯಾರೂ ಕಾಣದ್ದನ್ನು ಎಲ್ಲರೂ ಕಂಡೆವು: ಕೋಟು ಬಿಚ್ಚಿ, ಮಡಚಿ, ಕಲ್ಲಿನ ಮೇಲಿಟ್ಟರು. ಒಳಗಿನ ಅಂಗಿಯ ಬೆನ್ನಿಗೆ ಹೂವಿನ ಸೀರೆಯ ತೇಪೆ! ಪಾಳಿಗೆ ಪಾಳಿಯೇ ನಕ್ಕಿತು.

"ನಮ್ಮ ಮನ್ಯಾಕಿ ಹಚ್ಚ್ಯಾಳ್ರೀ. ಅದಕ್ಕ ಅಲ್ಲೇನು ಕೋಟ ಹಾಕ್ಕೊಳ್ಳೂದು!" ಎಂದು ತಾವೂ ನಕ್ಕು ಮನೆಯ ದಾರಿ ಹಿಡಿದರು.

ಕೋಟಿನ ಹಿಂದೆ ಗುಂಜಿ ಹಳ್ಳಿಯ ಮಾಯಕ್ಕ, ಅವಳ ಹಿಂದೆ ನಾನು. ಮರುದಿನ ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ. ಕೂಸಿನ ತಲೆಗೆ ಕುಂಚಿಗೆ, ಬೆಳ್ಳಿಯ ಕಾಲ್ಗಡಗ ಒಯ್ಯಬೇಕು, ಅಂಗಡಿಯವರು ಹಳೆಯ ನೋಟು ಮುಟ್ಟುತ್ತಿಲ್ಲ. "ಬರಿಗೈಲೆ ಹೋಗಿ ಕೂಸಿನ ಮಾರಿ ಹೆಂಗ ನೋಡ್ಲಿರೀ?" ಎನ್ನುತ್ತ ಬೆಳಗಿನಿಂದಲೂ ಸೆರಗಿನ ಗಂಟು ಮುಟ್ಟಿಕೊಳ್ಳುತ್ತಿದ್ದಳು. ಪಾಳಿ ಸರಿದಂತೆಲ್ಲ ಕೋಟನ್ನು ಅವಳೇ ಎತ್ತಿ ಮುಂದಿಡುತ್ತಿದ್ದಳು. ಹೀಗೆ ಕೋಟು ಬಾಗಿಲಿಗೆ ತಲುಪಿದಾಗ ಕಾವಲುಗಾರ, "ಇವತ್ತಿಗೆ ಇನ್ನ ಒಬ್ಬರಿಗಷ್ಟ ನೋಡ್ರಿ" ಎಂದುಬಿಟ್ಟ.

"ನೀ ಹೋಗಬೇ ಯಕ್ಕಾ" ಎಂದೆ.

"ಕೋಟ ಮುಂದೈತಲ್ರೀ. ನಮ್ಮನ್ನ ನಂಬಿ ಇಟ್ಟ ಹೋಗ್ಯಾರ, ಹೆಂಗ ದಾಟ್ಲಿ?" ಕಣ್ಣು ತುಂಬಿದ್ದವು, ಕಾಲು ಮಾತ್ರ ಕದಲಲಿಲ್ಲ.

ಅಷ್ಟರಲ್ಲಿ ತಿರುವಿನಲ್ಲಿ ತವನಪ್ಪಣ್ಣನವರು ಕಂಡರು, ಅದೇ ತಗ್ಗಿಸಿದ ತಲೆ, ಅದೇ ನಿಧಾನ. ಕನ್ನಡದಲ್ಲಿ, ಮರಾಠಿಯಲ್ಲಿ, ಬಂದ ಭಾಷೆಯಲ್ಲೆಲ್ಲ, ಇನ್ನೊಬ್ಬರಿಗಷ್ಟೇ ಎಂದು ಜನ ಕೂಗಿದರು. ತಲೆಯೆತ್ತಿದವರಿಗೆ ಬಾಗಿಲೂ ಮಾಯಕ್ಕನ ಮುಖವೂ ಒಟ್ಟಿಗೆ ಕಂಡಿರಬೇಕು. ಆ ಮನುಷ್ಯ ಓಡಿದರು! ಖಾನಾಪುರದ ಇರುವೆಗಳನ್ನು ಆ ಹೊತ್ತು ದೇವರೇ ಕಾಯ್ದಿರಬೇಕು. ಓಡಿ ಬಂದವರು ಕೋಟನ್ನು ಬಗಲಿಗಿಟ್ಟು ಪಕ್ಕಕ್ಕೆ ಸರಿದು ನಿಂತರು.

"ನಡಿಯವ್ವಾ ಮಾಯಕ್ಕಾ. ನನ್ನ ನೋಟು ನಾಳಿತನಾ ತಡೀತಾವ, ತೊಟ್ಟಲಾ ತಡ್ಯಂಗಿಲ್ಲ."

ಮಾಯಕ್ಕ ನೂರರ ನೋಟುಗಳನ್ನು ಎದೆಗವಚಿಕೊಂಡು ಹೊರಬಂದಾಗ, ನಾಳೆ ಮತ್ತೆ ನಿಲ್ಲಬೇಕಾದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನಗಂತೂ ಹಿಗ್ಗು ಹಿಡಿಸಲಾರದಷ್ಟಾಯಿತು.

ನೇಮಸ್ಥರನ್ನು ಕಂಡು ನಾವು ನಗುತ್ತೇವೆ, ಅವರೊಡನೆ ಬಾಳುವ ಕಷ್ಟ ಅವರ ಮನೆಯವರಿಗೇ ಗೊತ್ತು. ಆದರೆ ಜೀವಮಾನವೆಲ್ಲ ಇರುವೆಗೆ ದಾರಿ ಬಿಟ್ಟವರಿಗೆ ಮನುಷ್ಯರಿಗೆ ದಾರಿ ಬಿಡುವುದು ಹೊಸದಾಗಿ ಕಲಿಯಬೇಕಾದ ಪಾಠವಲ್ಲ. ಇಂಥವರೂ ಮಾಯಕ್ಕನಂಥವರೂ ಇರುವ ಊರಿನಲ್ಲಿ, ಯಾರೂ ತೊಡದ ಬರಿಯ ಕೋಟಿಗೂ ಪಾಳಿಯಲ್ಲಿ ಜಾಗ ಉಳಿಯುತ್ತದೆ.